ಹನ್ನೊಂದನೆಯ ನಿಮಿಷದ ಗುಡ್ಡ

ಇಷ್ಟು ದೊಡ್ಡ ಪ್ರತಿಭೆಯನ್ನು ಇಪ್ಪತ್ತೆರಡು ವರ್ಷ ಬರೀ ನಾಲ್ಕು ಗೋಡೆಗಳ ನಡುವೆ ಸವೆಸಿಬಿಟ್ಟೆನಲ್ಲ ಎನ್ನುವುದೊಂದೇ ಗಣಿತದ ಮೇಷ್ಟ್ರಿಗೆ ತಮ್ಮ ಮೇಲೆ ಇದ್ದ ದೂರು. ಹಾಗಾಗಿ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದು, "ಗಣಿತದವರೆಲ್ಲ ಭಿನ್ನರಾಶಿ ಪಾಠ ವಿಡಿಯೊ ಮಾಡಿ ಕಳಿಸಿ. ಮಕ್ಕಳು ಯಾವುದನ್ನ ಹೆಚ್ಚು ನೋಡ್ತಾರೋ ಅದನ್ನೇ ಎಲ್ಲ ತರಗತಿಗೂ ಹಾಕೋಣ" ಎಂದು ಹೆಡ್ ಮೇಡಂ ಹೇಳಿದಾಗ, ಅವರಿಗೆ ಉಳಿದ ಮೇಷ್ಟ್ರುಗಳ ಮೇಲೆ ಕನಿಕರವೇ ಉಕ್ಕಿತು.

ಭಾನುವಾರ ಬೆಳಿಗ್ಗೆ ನಡುಮನೆ ಸ್ಟುಡಿಯೊ ಆಯಿತು. ಡಬ್ಬಿಯ ಮೇಲೆ ಡಬ್ಬಿ ಪೇರಿಸಿ ಮೊಬೈಲ್ ನಿಲ್ಲಿಸಿದರು. ಪಕ್ಕದ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ (ಅವರು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿಯುತ್ತಾರೆ, ಉಳಿದರ್ಧ ಜನ ಕಾಯುತ್ತಿರುತ್ತಾರೆ) ಕಟಕಟ ಎನ್ನುತ್ತಿತ್ತು.

"ಅದನ್ನ ಸ್ವಲ್ಪ ನಿಲ್ಲಿಸ್ತೀಯಾ? ಇಲ್ಲಿ ಜ್ಞಾನದಾನ ನಡೀತಿದೆ."

"ದಾನ ಬೇಗ ಮುಗಿಸಿ. ಸಂಜೆ ಒಳಗೆ ಎರಡು ಫ್ರಾಕ್ ಕೊಡ್ಬೇಕು ನಾನು."

ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು ಅರ್ಧವನ್ನು ಕಾಲಿನಿಂದ ಭಾಗಿಸಲು ಹೊರಟರು. ಪೀಠಿಕೆಗೇ ಹತ್ತು ನಿಮಿಷ ಹೋಯಿತು. ಆಮೇಲೆ, "ಭಾಜಕವನ್ನು ತಲೆಕೆಳಗು ಮಾಡಿ ಗುಣಿಸತಕ್ಕದ್ದು. ಯಾಕೆ ತಲೆಕೆಳಗು? ನಿಯಮ ಇರುವುದೇ ಹಾಗೆ" ಎಂದು ಗುಡುಗಿದರು.

ಒಳಗೆ ತಾಳ್ಮೆ ಮುಗಿಯಿತು. "ಅಲ್ಲ ರೀ, ಅರ್ಧ ಮೀಟರ್ ಬಟ್ಟೇಲಿ ಕಾಲು ಮೀಟರಿನ ತುಂಡು ಎಷ್ಟು ಬರುತ್ತೆ? ಎರಡು. ಇಷ್ಟಕ್ಕೆ ನೀವ್ಯಾಕೆ ತಲೆಕೆಳಗಾಗ್ತೀರಿ?"

ಮೇಷ್ಟ್ರು ಕೇಳಿಸದವರಂತೆ ಇನ್ನೂ ಅರ್ಧ ಗಂಟೆ ಮುಂದುವರಿಸಿದರು. ಆ ಮಾತನ್ನು ತೆಗೆದುಹಾಕಬಹುದಿತ್ತು. ಆದರೆ ವಿಡಿಯೊಗೆ ಕತ್ತರಿ ಹಾಕುವುದು ಅವರಿಗೆ ಬಾರದು. ಆ ಮನೆಯಲ್ಲಿ ಕತ್ತರಿ ಯಾವತ್ತೂ ಹೆಂಡತಿಯ ಇಲಾಖೆ. ಯಾರು ಗಮನಿಸುತ್ತಾರೆ ಎಂದು ಹಾಗೇ ಕಳಿಸಿಬಿಟ್ಟರು.

ವಾರ ಕಳೆದ ಮೇಲೆ ಹೆಡ್ ಮೇಡಂ ಫೋನ್ ಮಾಡಿದರು. "ನಿಮ್ಮ ಪಾಠವೇ ಗೆದ್ದಿದೆ ಸಾರ್. ಯಾವ ನಿಮಿಷಾನ ಎಷ್ಟು ಸಲ ನೋಡಿದಾರೆ ಅಂತ ಗ್ರಾಫ್ ಬಂದಿದೆ, ಕಳಿಸ್ತೀನಿ."

ಮೇಷ್ಟ್ರು ಹೆಂಡತಿಯನ್ನು ಮೆಷಿನ್ ಮುಂದಿನಿಂದ ಎಬ್ಬಿಸಿ ತಂದು ಗ್ರಾಫ್ ತೋರಿಸಿದರು. ಉದ್ದಕ್ಕೂ ಬಟ್ಟಬಯಲು, ನಡುವೆ ಒಂದೇ ಒಂದು ಗುಡ್ಡ.

"ನೋಡು, ಈ ಹನ್ನೊಂದನೇ ನಿಮಿಷಾನ ಒಬ್ಬೊಬ್ಬರು ಆರೇಳು ಸಲ ಹಾಕ್ಕೊಂಡು ನೋಡಿದಾರೆ. ಏನು ಹೇಳಿದ್ದೆ ನಾನು ಅಲ್ಲಿ?"

"ಹಾಕಿ, ಕೇಳೋಣ."

ಹಾಕಿದರು. ಪರದೆಯ ಮೇಲೆ ಮೇಷ್ಟ್ರು ಬಾಯಿ ಮುಚ್ಚಿಕೊಂಡು ನಿಂತಿದ್ದರು. ಒಳಗಿನಿಂದ ಅರ್ಧ ಮೀಟರ್ ಬಟ್ಟೆಯ ಪ್ರಶ್ನೆ ಕೇಳಿಬರುತ್ತಿತ್ತು. ಮೇಷ್ಟ್ರಿಗೆ ನಿಜಕ್ಕೂ ಹೊಟ್ಟೆ ಉರಿಯಿತು. ಇನ್ನೂ ಅನ್ಯಾಯವೆಂದರೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರಿಗೂ ಆ ಲೆಕ್ಕ ಅರ್ಥವಾಯಿತು.

ಅಷ್ಟರಲ್ಲಿ ಹೆಡ್ ಮೇಡಂ ಕಡೆಯಿಂದ ಸಂದೇಶ ಬಂತು: "ಮುಂದಿನ ಪಾಠಕ್ಕೆ ಒಳಗಿನ ಮೇಡಂ ಅವರನ್ನೇ ಕ್ಯಾಮೆರಾ ಮುಂದೆ ಕೂರಿಸಿ. ಏನೂ ಅರ್ಥವಾಗದ ವಿದ್ಯಾರ್ಥಿಯ ಪಾರ್ಟು ನೀವು ಮಾಡಿ. ಎರಡು ದಿನ ಅಭ್ಯಾಸ ಮಾಡ್ಕೊಳ್ಳಿ ಸಾರ್."

ಹೆಂಡತಿ ಓದಿ ಮೊಬೈಲನ್ನು ವಾಪಸು ಕೊಟ್ಟರು.

"ಅಭ್ಯಾಸ ನನಗೆ ಬೇಕು ರೀ. ನೀವು ಹಾಗೇ ಬಂದು ಕೂತ್ಕೊಳ್ಳಿ."