ಡೀಟರ್ ಅವರ ಪರಿಚಯ, ತಿದ್ದುಪಡಿಗಳ ಸಮೇತ

ಅತಿಥಿಯನ್ನು ಪರಿಚಯಿಸುವುದು ಎಂಥ ಕಷ್ಟದ ಕೆಲಸ? ಮೂರು ನಿಮಿಷ ಹೊಗಳಿದರಾಯಿತು. ಹಾಗೆಂದುಕೊಂಡೇ ಲಂಡನ್ನಿನ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಆ ಕೆಲಸ ಒಪ್ಪಿಕೊಂಡೆ. ಸಭೆ ಮುಗಿದ ಕೂಡಲೇ ಕಾರ್ಯದರ್ಶಿ ಸ್ಥಾನಕ್ಕೆ ಚುನಾವಣೆ, ನಾನು ಅಭ್ಯರ್ಥಿ. ಎದುರಾಳಿ ಸ್ಟ್ಯಾನ್ಮೋರಿನ ದಂತವೈದ್ಯರು. ಅರ್ಧ ಸಂಘ ಅವರ ಮುಂದೆ ಬಾಯಿ ತೆರೆದು ಕೂತದ್ದೇ. ಗೆಲ್ಲಲು ನನಗೊಂದು ಭರ್ಜರಿ ಭಾಷಣ ಬೇಕಿತ್ತು.

ಅತಿಥಿಯನ್ನು ಹಿಡಿದು ತಂದವನೂ ನಾನೇ. ಅಕ್ಸ್‌ಬ್ರಿಡ್ಜ್‌ನಲ್ಲಿ ನಮ್ಮ ಪಕ್ಕದ ಮನೆಯ ಡೀಟರ್, ಜರ್ಮನಿಯ ಪತ್ರಿಕೆಯೊಂದಕ್ಕೆ ಲಂಡನ್ನಿನಿಂದ ವ್ಯಾಪಾರದ ಸುದ್ದಿ ಬರೆದು ನಿವೃತ್ತರಾದವರು. ಜೀವನಚರಿತ್ರೆ ಕೇಳಿದೆ.

"ಹ್ಯಾಂಬರ್ಗಿನಲ್ಲಿ ಹುಟ್ಟಿದೆ. ಕಂಪನಿಗಳ ವಾರ್ಷಿಕ ವರದಿ ಓದಿದೆ. ಅದರಲ್ಲಿ ಸುಳ್ಳು ಎಲ್ಲಿದೆ ಅಂತ ಬರೆದೆ. ಅಷ್ಟೆ."

ಇದಕ್ಕೆಲ್ಲ ಶಾಲು ಹೊದಿಸಲಾಗುತ್ತದೆಯೇ? ನಮ್ಮ ಪದ್ಧತಿಯಲ್ಲಿ ಸನ್ಮಾನಿತರಿಗೆ ಬಾಲ್ಯದ ಬಡತನ ಕಡ್ಡಾಯ. ಬೀದಿದೀಪದ ಓದು ಅಪೇಕ್ಷಣೀಯ. ಎರಡನ್ನೂ ದಯಪಾಲಿಸಿದೆ. ಮೇಲೊಂದು ಪ್ರಶಸ್ತಿ, ಜರ್ಮನ್ ಸರ್ಕಾರಕ್ಕೆ ಗುಟ್ಟಿನ ಸಲಹೆ, ಕನ್ನಡದ ಬಗ್ಗೆ ಅಪಾರ ಪ್ರೇಮ.

"ರೀ, ಇದೆಲ್ಲ ಅವರೇ ಹೇಳಿದ್ರಾ?" ಎಂದಳು ಹೆಂಡತಿ ಸುಮಾ.

"ಪಾಪ, ಹೇಳ್ಕೊಳ್ಳೋಕೆ ಅವರಿಗೆ ಸಂಕೋಚ."

"ನಿಮಗಿಲ್ವಲ್ಲ, ಬಿಡಿ."

ವೇದಿಕೆಯಲ್ಲಿ ಕನ್ನಡ ಹೊಳೆಯಾಗಿ ಹರಿಸಿದೆ. ಅತಿಥಿಗೆ ಒಂದಕ್ಷರವೂ ತಿಳಿಯದು ಎಂಬುದೇ ನನ್ನ ಧೈರ್ಯ. ಆದರೆ ಅವರ ಪಕ್ಕದಲ್ಲಿ ಕೂತಿದ್ದ ಸುಮಾ, ಅವರಿಗೆ ಬೇಸರವಾಗದಿರಲೆಂದು, ಪ್ರತಿ ವಾಕ್ಯವನ್ನೂ ಇಂಗ್ಲಿಷಿನಲ್ಲಿ ಪಿಸುಗುಡುತ್ತಿದ್ದಳು. ಡೀಟರ್ ಪೆನ್ಸಿಲ್ ತೆಗೆದು ಆಮಂತ್ರಣ ಪತ್ರಿಕೆಯ ಬೆನ್ನಿಗೆ ಬರೆಯತೊಡಗಿದರು. ಮೆಚ್ಚಿ ಬರೆದುಕೊಳ್ಳುತ್ತಿದ್ದಾರೆಂದು ತಿಳಿದು ಇನ್ನೊಂದು ಪ್ರಶಸ್ತಿ ಕೊಟ್ಟೆ!

ಮೈಸೂರು ಪೇಟ ತೊಟ್ಟು ಅವರು ಮೈಕಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಶುರು ಮಾಡಿದರು. "ನಮ್ಮ ವೃತ್ತಿಯಲ್ಲಿ ತಪ್ಪು ಅಚ್ಚಾದರೆ ತಿದ್ದುಪಡಿ ಹಾಕುತ್ತೇವೆ. ಒಂದು, ನನ್ನ ತಂದೆಗೆ ಎರಡು ಹಡಗುಗಳಿದ್ದವು. ಎರಡು, ಮನೆಯೊಳಗೇ ದೀಪವಿತ್ತು. ಮೂರು, ನನಗೆ ಪ್ರಶಸ್ತಿ ಬಂದಿಲ್ಲ. ಲಾಯರ್ ನೋಟಿಸುಗಳು ಬಂದಿವೆ."

ಹೀಗೆ ಒಂಬತ್ತು. ನನ್ನ ನೆನಪಿನಲ್ಲಿ ಸಭೆ ನಕ್ಕಿತು. ಸುಮಾಳ ನೆನಪಿನಲ್ಲಿ ಸಭೆ ನನ್ನನ್ನು ನೋಡಿ ನಕ್ಕಿತು. ನನ್ನ ನೆನಪನ್ನು ನಾನೂ ಹೆಚ್ಚು ನಂಬುವುದಿಲ್ಲ. ಒಂಬತ್ತನೆಯದು ಮಾತ್ರ ಪದ ಬಿಡದೆ ನೆನಪಿದೆ: "ಇವರು ನನ್ನ ಆಪ್ತಮಿತ್ರರಲ್ಲ. ಹಿಂದೆ ಒಮ್ಮೆ ಕಸದ ಡಬ್ಬಿಯ ಬಗ್ಗೆ ಮಾತಾಡಿದ್ದೇವೆ."

ಚಪ್ಪಾಳೆ ನಿಲ್ಲುವ ಮೊದಲೇ ದಂತವೈದ್ಯರು ಎದ್ದರು. "ನಾನು ಹಿಂದೆ ಸರೀತೀನಿ. ಡೀಟರ್ ಅವರನ್ನೇ ಕಾರ್ಯದರ್ಶಿ ಮಾಡೋಣ."

"ಅವರಿಗೆ ಕನ್ನಡವೇ ಬರಲ್ವಲ್ರೀ!" ಎಂದೆ.

"ಸುಳ್ಳೂ ಬರಲ್ವಲ್ಲ."

ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು. ಸುಮಾ ಎರಡೂ ಕೈ ಎತ್ತಿದ್ದಳು.

ಮರುವಾರ ಹೊಸ ಕಾರ್ಯದರ್ಶಿಗಳು ಸಭೆಯ ನಡಾವಳಿ ಕಳುಹಿಸಿದರು. ಅಚ್ಚುಕಟ್ಟು, ಒಂದೇ ಪುಟ. ನನ್ನ ಸಾಲನ್ನು ಹುಡುಕಿದೆ. "ಅತಿಥಿ ಪರಿಚಯ: ಪಕ್ಕದ ಮನೆಯವರು. ಹೆಸರು ವಿಚಾರಿಸಿ ತಿಳಿಸಲಾಗುವುದು."