ಮಾವನವರು ತಟ್ಟಿ ನೋಡಿದ ಬನ್ನು

ನಮ್ಮ ಮನೆಯಲ್ಲಿ ಬನ್ನು ಮಾಡಲು ಹೊರಟ ದಿನ, ಬೇರೇನೂ ಆಗದೆ ಬನ್ನು ಮಾತ್ರ ಆದದ್ದು ನನಗೆ ನೆನಪಿಲ್ಲ. ಬೇರೆಯವರ ಮನೆಯಲ್ಲೂ ಹಿಟ್ಟು ಉಬ್ಬುತ್ತದೆ, ಬೇಯುತ್ತದೆ, ಜನ ತಿಂದು ಕೈ ತೊಳೆಯುತ್ತಾರೆ. ನಮ್ಮಲ್ಲಿ ಹಾಗಲ್ಲ, ಮೈದಾ ಪೊಟ್ಟಣ ಒಡೆದ ಕೂಡಲೇ ಎಲ್ಲಿಂದಲೋ ಒಂದು ಫಜೀತಿ ನಡೆದುಕೊಂಡು ಬಂದು ಒಳಗೆ ಕೂರುತ್ತದೆ.

ಶುರುವಾದದ್ದು ನನ್ನ ಮಾವನವರಿಂದ. ಅವರು ಭದ್ರಾವತಿಯವರು. ಕಬ್ಬಿಣದ ಕಾರ್ಖಾನೆಯಲ್ಲಿ ಎರಕ ಹೊಯ್ದ ಮಾಲನ್ನು ಪರೀಕ್ಷೆ ಮಾಡುವುದು ಅವರ ಕೆಲಸವಾಗಿತ್ತು. ಪುಟ್ಟ ಸುತ್ತಿಗೆಯಿಂದ ತಟ್ಟುವುದು, ಕಿವಿಗೊಟ್ಟು ಕೇಳುವುದು. ಟಣ್ ಎಂದರೆ ಪಾಸ್. ಡಬ್ ಎಂದರೆ ಒಳಗೆಲ್ಲೋ ಬಿರುಕಿದೆ, ಫೇಲ್. ನಿವೃತ್ತರಾದ ಮೇಲೆ ಸುತ್ತಿಗೆ ಹೋಯಿತು, ತಟ್ಟುವ ಕೈ ಉಳಿಯಿತು. ತೆಂಗಿನಕಾಯಿ, ಕಲ್ಲಂಗಡಿ, ಹೊಸ ಬಕೆಟ್ಟು, ನನ್ನ ಸ್ಕೂಟರಿನ ಮಡ್‌ಗಾರ್ಡು, ಯಾವುದನ್ನೂ ಬೆರಳ ಗೆಣ್ಣಿನಿಂದ ತಟ್ಟದೆ ಗೇಟಿನೊಳಗೆ ಬಿಟ್ಟವರಲ್ಲ. ನನ್ನ ಮದುವೆಯ ದಿನ ಯಾರೋ ನೆಂಟರು "ಅಳಿಯ ಹೇಗೆ?" ಎಂದು ಕೇಳಿದ್ದಕ್ಕೆ "ನೋಡ್ಬೇಕು" ಎಂದಿದ್ದರು. ನನ್ನ ಮಗಳು ಹೈಸ್ಕೂಲಿಗೆ ಬಂದಳು, ಅವರು ಇನ್ನೂ ನೋಡುತ್ತಲೇ ಇದ್ದರು.

ಮಾವನವರಿಗೆ ದಿನಾ ಸಂಜೆ ಚಹಾದ ಜೊತೆ ಒಂದು ಸಿಹಿ ಬನ್ನು ಆಗಬೇಕು. ಒಮ್ಮೆ ನಾನು ಭದ್ರಾವತಿಗೆ ಹೋಗಿದ್ದ ದಿನ ಅವರು ಬೇಕರಿಯ ಬನ್ನನ್ನು ಬಾಯ್ತುಂಬ ಹೊಗಳುತ್ತಿದ್ದಾಗ ನನಗೆ ಹೊಟ್ಟೆಕಿಚ್ಚಾಯಿತು. ಬನ್ನಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಅಳಿಯ ಬಹುಶಃ ನಾನೊಬ್ಬನೇ.

"ಇದೇನು ಮಹಾ ಮಾವ, ಮನೇಲೇ ಮಾಡಬಹುದು" ಎಂದುಬಿಟ್ಟೆ.

"ಹೌದಾ? ಮಾಡಿ, ನೋಡೋಣ" ಎಂದರು.

ನಾನು ಶಿವಮೊಗ್ಗದಲ್ಲಿ ವಿಜ್ಞಾನದ ಮೇಷ್ಟ್ರು. ಊರಿನ ಮಕ್ಕಳನ್ನೆಲ್ಲ ಪಾಸು ಮಾಡುವ ನನಗೆ ಆ ಮನುಷ್ಯನ ಬಾಯಿಂದ ಒಂದು 'ಪಾಸ್' ಬೇಕಿತ್ತು. ಬೇಕೇ ಬೇಕಿತ್ತು. ಮಾರನೆಯ ವಾರವೇ ಮನೆಗೆ ಓವನ್ ತಂದೆ.

ಜೀವ ಇರುವ ಪುಡಿ

ಮೊದಲ ಭಾನುವಾರ ಬೆಚ್ಚಗಿನ ಹಾಲಿಗೆ ಯೀಸ್ಟ್ ಹಾಕಿ ಕಾಯುತ್ತ ಕುಳಿತಿದ್ದೆ. ನನ್ನ ತಾಯಿ ಬಂದು ಬಟ್ಟಲಿಗೆ ಇಣುಕಿದರು. ಮೇಲೆ ನೊರೆ ಏಳುತ್ತಿತ್ತು.

"ಇದ್ಯಾಕೋ ಹಿಂಗೆ ಗುಳುಗುಳು ಅಂತಿದೆ?"

ಮೇಷ್ಟ್ರ ನಾಲಿಗೆ ಸುಮ್ಮನಿರಬೇಕಲ್ಲ. "ಯೀಸ್ಟ್ ಅಂದ್ರೆ ಜೀವ ಇರೋದಮ್ಮ. ಸಕ್ಕರೆ ತಿನ್ನುತ್ತೆ, ಉಸಿರು ಬಿಡುತ್ತೆ, ಸಂಸಾರ ಬೆಳೆಸುತ್ತೆ" ಎಂದು ಹತ್ತನೇ ತರಗತಿಯ ಪಾಠವನ್ನೇ ಒಪ್ಪಿಸಿದೆ.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಆಮೇಲೆ ಇದನ್ನ ಏನು ಮಾಡ್ತೀಯ?"

"ಓವನ್ನಿಗೆ ಇಡ್ತೀನಿ."

"ಸಂಸಾರ ಸಮೇತವಾ?"

ಮೊಸರಿನಲ್ಲೂ ಜೀವ ಇರುತ್ತದೆ ಎಂದೆ. ನಾವು ಮೊಸರನ್ನು ಯಾವತ್ತೂ ಸುಡುವುದಿಲ್ಲ ಎಂದರು. ದೋಸೆ ಹಿಟ್ಟಿನಲ್ಲೂ ಇರುತ್ತದೆ ಎಂದೆ. ಇಷ್ಟು ವರ್ಷ ದೋಸೆ ಹುಯ್ದ ಕೈಗಳನ್ನು ಒಮ್ಮೆ ನೋಡಿಕೊಂಡು, "ಅದನ್ನ ನನಗೆ ಯಾಕೆ ಹೇಳ್ದೆ?" ಎಂದು ಬೇಸರದಿಂದ ಹೊರಗೆ ಹೋದರು. ನಾನು ಹಿಟ್ಟು ಜರಡಿ ಹಿಡಿದು ತಿರುಗಿ ನೋಡುವಷ್ಟರಲ್ಲಿ ವಾಪಸು ಬಂದು ಬಟ್ಟಲಿಗೆ ಹಿಡಿ ತುಂಬ ಸಕ್ಕರೆ ಸುರಿಯುತ್ತಿದ್ದರು.

"ಅಮ್ಮ, ಅಳತೆ ಕೆಟ್ಟುಹೋಗುತ್ತೆ."

"ಕೆಡ್ಲಿ ಬಿಡು. ಹೆಂಗಿದ್ರೂ ಸಾಯಿಸ್ತೀಯ, ಹೊಟ್ಟೆ ತುಂಬ ತಿಂದ್ಕೊಂಡು ಹೋಗ್ಲಿ ಪಾಪ."

ದಬರಿ ಮಾಡಿದ ಅನಾಹುತ

ಅಂದಿನ ಬನ್ನು ಅಂಟಂಟಾಗಿ ಹಾಳಾಯಿತು. ಮುಂದಿನ ಭಾನುವಾರ ಅಮ್ಮನಿಗೆ ಕಾಣದ ಹಾಗೆ ಯೀಸ್ಟ್ ಕಲಸಿ, ಹಿಟ್ಟು ನಾದಿ, ಸ್ಟೀಲಿನ ದಬರಿಯಲ್ಲಿ ಮುಚ್ಚಿಟ್ಟು ತರಕಾರಿ ತರಲು ಹೋದೆ. ನಾನು ಮಾಡಿದ ತಪ್ಪು ಒಂದೇ. ಆ ದಬರಿ ನಮ್ಮ ಮನೆಯ ದೋಸೆ ಹಿಟ್ಟಿನ ದಬರಿ. ನಮ್ಮ ಮನೆಯಲ್ಲಿ ಆ ದಬರಿಯೊಳಗೆ ಉಬ್ಬಿದ್ದು ಏನೇ ಇರಲಿ, ಅದಕ್ಕೆ ನೀರು, ಉಪ್ಪು ಹಾಕಿ ಕಾದ ಹೆಂಚಿಗೆ ಹುಯ್ಯಬೇಕು ಎಂಬುದು ಅಮ್ಮನ ಕೈಗೆ ತಾನಾಗಿಯೇ ಗೊತ್ತು.

ನಾನು ವಾಪಸು ಬಂದಾಗ ಮನೆತುಂಬ ಘಮಘಮ. ಹೆಂಚಿನ ಮೇಲೆ ಹಿಟ್ಟು ರಬ್ಬರಿನಂತೆ ಎಳೆದಾಡಿತೆಂದು ಅಮ್ಮ ಉಪಾಯ ಮಾಡಿ ಪಡ್ಡಿನ ಕಾವಲಿಗೆ ಹಾಕಿದ್ದರು. ನನ್ನ ಹೆಂಡತಿ ಮತ್ತು ಮಗಳು ತಟ್ಟೆ ಹಿಡಿದು ಸಾಲಾಗಿ ಕುಳಿತಿದ್ದರು.

"ನನ್ನ ಬನ್ನಿನ ಹಿಟ್ಟು" ಎಂದೆ.

ಹೆಂಡತಿ ತಲೆ ಎತ್ತದೆ, "ರೀ, ನಿಮ್ಮ ಬನ್ನು ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ. ಚಟ್ನಿ ಹಾಕ್ಲಾ?" ಎಂದಳು.

ಸವಳಂಗ ರಸ್ತೆಯಲ್ಲಿ ಹಿಟ್ಟಿನ ಸವಾರಿ

ಮೂರನೆಯ ಸಲ ಎಲ್ಲ ಸರಿಯಾಗಿ ನಡೆಯಿತು. ಹಿಟ್ಟು ಚೆನ್ನಾಗಿ ಉಬ್ಬಿತು, ಉಂಡೆ ಕಟ್ಟಿ ಟ್ರೇಯಲ್ಲಿ ಜೋಡಿಸಿದೆ, ಮೇಲೆ ಹಾಲು ಸವರಿದೆ, ಓವನ್ ಬಿಸಿಗಿಟ್ಟೆ. ಕರೆಂಟು ಹೋಯಿತು. ವಿಚಾರಿಸಿದರೆ ಲೈನ್ ಕೆಲಸವಂತೆ, ಸಂಜೆಯವರೆಗೂ ಬರುವುದಿಲ್ಲವಂತೆ.

ಉಬ್ಬಿದ ಹಿಟ್ಟು ಕಾಯುವ ಜಾತಿಯದಲ್ಲ. ಹೆಚ್ಚು ಹೊತ್ತು ಬಿಟ್ಟರೆ ಉಸಿರು ಬಿಟ್ಟು ಕೂತುಬಿಡುತ್ತದೆ. ಸವಳಂಗ ರಸ್ತೆಯ ಆಚೆ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರ ಮನೆಯಿದೆ, ಅವರ ಲೈನ್ ಬೇರೆ. ಫೋನ್ ಮಾಡಿದೆ. "ಕರೆಂಟ್ ಇದೆ ಮಾರಾಯ, ಆದ್ರೆ ಓವನ್ ಎಲ್ಲಿಂದ ತರ್ಲಿ?" ಎಂದರು. ನಾನೇ ತರುತ್ತೇನೆ ಎಂದೆ.

ಹೀಗೆ ಒಂದು ಆಟೋದಲ್ಲಿ ನನ್ನ ತೊಡೆಯ ಮೇಲೆ ಓವನ್, ಹೆಂಡತಿಯ ತೊಡೆಯ ಮೇಲೆ ಒದ್ದೆ ಬಟ್ಟೆ ಹೊದ್ದ ಟ್ರೇ ಕುಳಿತು ಹೊರಟವು.

"ಎಲ್ಲಿಗೆ ಸರ್? ರಿಪೇರಿ ಅಂಗಡಿಗಾ?" ಎಂದು ಆಟೋದವನು ಕೇಳಿದ.

"ಬನ್ನು ಬೇಯಿಸೋಕೆ."

ಅವನು ಕನ್ನಡಿಯಲ್ಲಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. "ಸರ್, ದಾರೀಲಿ ಮೂರು ಬೇಕರಿ ಇದೆ. ಯಾವುದಕ್ಕೆ ಬೇಕಾದ್ರೂ ಬಿಡ್ತೀನಿ. ಅವರ ಹತ್ರ ಬೆಂದಿರೋದೇ ಇರುತ್ತೆ."

ರಸ್ತೆಯ ಒಂದೊಂದು ಗುಂಡಿಗೂ ಬಟ್ಟೆಯೊಳಗೆ 'ಪುಸ್' ಎಂದು ಸದ್ದಾಗುತ್ತಿತ್ತು. ಪ್ರತಿ ಪುಸ್‌ಗೂ ನಾನು ಕಣ್ಣು ಮುಚ್ಚುತ್ತಿದ್ದೆ. ಡ್ರಿಲ್ ಮೇಷ್ಟ್ರ ಮನೆ ಮುಟ್ಟಿ, ಓವನ್ ಇಳಿಸಿ, ಪ್ಲಗ್ಗು ಚುಚ್ಚಿ, ಸ್ವಿಚ್ಚು ಒತ್ತಿದೆ. ಅವರ ಮನೆಯ ಕರೆಂಟೂ ಹೋಯಿತು. ಅದೇ ಹೊತ್ತಿಗೆ ಅಮ್ಮನ ಫೋನು ಬಂತು. "ಕರೆಂಟ್ ಬಂತು ಕಣೋ. ಓವನ್ ಕಾಣ್ತಿಲ್ಲ, ಯಾರಾದ್ರೂ ಕದ್ದರಾ?"

ಅದೇ ಆಟೋದಲ್ಲಿ ವಾಪಸು ಬಂದೆವು. ಬಟ್ಟೆ ತೆಗೆದರೆ ಬನ್ನುಗಳೆಲ್ಲ ಚಪ್ಪಟೆಯಾಗಿ ಒಂದರ ಮೇಲೊಂದು ಒರಗಿದ್ದವು. ಬೇಸರದಿಂದ ಮತ್ತೆ ಉಂಡೆ ಕಟ್ಟಿ, ಏನಾದರೂ ಆಗಲಿ ಎಂದು ಬಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಮೊದಲಿಗಿಂತ ದಪ್ಪಗೆ ಉಬ್ಬಿ ನಗುತ್ತಿದ್ದವು. ಅವತ್ತು ಓವನ್ನಿನಿಂದ ಹೊರಬಂದ ಬನ್ನು ಹತ್ತಿಯಷ್ಟು ಮೆತ್ತಗೆ. ಹಿಟ್ಟನ್ನು ನಾನು ಇಷ್ಟು ದಿನ ಗಡಿಬಿಡಿಯಲ್ಲಿ ಬೇಯಿಸುತ್ತಿದ್ದೆ, ಈ ಸಲ ಅದಕ್ಕೆ ಬೇಕಾದಷ್ಟು ಸಮಯ ಸಿಕ್ಕಿತು ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಅಮ್ಮ ಕೇಳಲಿಲ್ಲ. ಆಟೋ ಹತ್ತಿಸಿದ್ದಕ್ಕೇ ಮೆತ್ತಗಾಯಿತು ಎಂಬುದು ಅವರ ಸಿದ್ಧಾಂತ.

ಮುಂದಿನ ಭಾನುವಾರ ಗೇಟಿನ ಹತ್ತಿರ ಹಾರನ್ ಕೇಳಿತು. ಅದೇ ಆಟೋದವನು. "ಸರ್, ನಿಮ್ಮ ತಾಯಿಯವರು ಬರೋಕೆ ಹೇಳಿದ್ರು. ಹಿಟ್ಟು ಮಾತ್ರ ಸುತ್ತಾಡಿಸ್ಬೇಕಾ, ನೀವೂ ಬರ್ತೀರಾ?"

ಸುಳ್ಳು ಹೇಳದೆ ಸಿಕ್ಕ ಬಿರುದು

ಮೆತ್ತನೆಯ ಬನ್ನು ಕೈಗೆ ಹತ್ತಿದ ಮೇಲೆ ಒಂದು ಡಬ್ಬಿ ತುಂಬಿಕೊಂಡು, ಹೆಂಡತಿಯ ಜೊತೆ ಭದ್ರಾವತಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಡಬ್ಬಿಯನ್ನು ಎದೆಗವಚಿಕೊಂಡಿದ್ದೆ. ಪಕ್ಕದಲ್ಲಿ ಕುಳಿತ ಹೆಂಡತಿ, "ಮಗಳು ಹುಟ್ಟಿದಾಗ ಅವಳನ್ನೂ ಇಷ್ಟು ಜೋಪಾನವಾಗಿ ಹಿಡಿದಿರ್ಲಿಲ್ಲ" ಎಂದಳು.

ಮಾವನವರು ಚಹಾದ ಮುಂದೆ ಕುಳಿತು ಬನ್ನನ್ನು ಎತ್ತಿಕೊಂಡರು. ಅಡಿ ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಒತ್ತಿದರು, ಬನ್ನು ತಗ್ಗಿ ಮತ್ತೆ ಎದ್ದಿತು. ಆಮೇಲೆ ಅಭ್ಯಾಸದಂತೆ ಚಮಚದಿಂದ ತಟ್ಟಿದರು. ಸದ್ದೇ ಬರಲಿಲ್ಲ. ಹುಬ್ಬು ಗಂಟಿಕ್ಕಿತು. ಚಹಾದಲ್ಲಿ ಅದ್ದಿ ಬಾಯಿಗಿಟ್ಟರು. ಇನ್ನೊಂದನ್ನೂ ತಿಂದರು.

"ಯಾವ ಬೇಕರಿದು?"

"ನಾನೇ ಮಾಡಿದ್ದು ಮಾವ."

ಮಾವನವರು ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. "ಅಳಿಯಂದ್ರೇ, ಮನೇಲಿ ಮಾಡಿದ್ದು ಹಿಂಗೆ ಒಂದೇ ಸಮ ಇರಲ್ಲ. ಒಂದು ಸೊಟ್ಟ ಇರುತ್ತೆ, ಒಂದು ಸೀದಿರುತ್ತೆ. ಇದು ಅಂಗಡಿ ಮಾಲು."

ಹೆಂಡತಿ ತಾನೇ ಕಣ್ಣಾರೆ ನೋಡಿದ್ದೇನೆ ಎಂದು ಆಣೆ ಮಾಡಿದಳು. "ನೀನು ಅವರ ಹೆಂಡ್ತಿ, ಇನ್ನೇನು ಹೇಳ್ತೀಯ" ಎಂದು ಅವಳ ಸಾಕ್ಷಿಯನ್ನು ತಳ್ಳಿಹಾಕಿದರು. ಸಂಜೆ ಅಡುಗೆಮನೆಯಲ್ಲಿ ಅತ್ತೆಯ ಹತ್ತಿರ ಪಿಸುಗುಟ್ಟಿದ್ದು ನನಗೆ ಚೆನ್ನಾಗಿ ಕೇಳಿಸಿತು. "ಪಾಪ ಕಣೆ. ನನ್ನ ಮೆಚ್ಚಿಸ್ಬೇಕು ಅಂತ ಅಂಗಡಿದು ತಂದು, ತಾನೇ ಮಾಡಿದ್ದು ಅಂತ ಸುಳ್ಳು ಹೇಳ್ತಾ ಇದ್ದಾರೆ. ಮನುಷ್ಯ ಒಳ್ಳೆಯವನೇ ಇರ್ಬೇಕು."

ಇಷ್ಟು ವರ್ಷದಲ್ಲಿ ಮೊದಲ ಸಲ ಒಳ್ಳೆಯ ಮನುಷ್ಯ ಅನ್ನಿಸಿಕೊಂಡೆ. ಅದೂ ನಾನು ಹೇಳದೇ ಇದ್ದ ಸುಳ್ಳಿಗೆ.

ಟಣ್

ಇನ್ನು ಉಳಿದದ್ದು ಒಂದೇ ದಾರಿ. ಮಾವನವರ ಕಣ್ಣೆದುರೇ ಮಾಡಿ ತೋರಿಸುವುದು. ಮುಂದಿನ ಭಾನುವಾರ ಹೆಂಡತಿಯ ಜೊತೆ, ಓವನ್ ಸಮೇತ ಭದ್ರಾವತಿಗೆ ಹೋಗಿ ಇಳಿದೆ.

ಅತ್ತೆಗೆ ಮೊದಲ ಆಘಾತ. ಮನೆಯ ಅಳಿಯ ಬಂದರೆ ಕೂರಿಸಿ ಬಡಿಸಬೇಕು, ಅವನು ಅಡುಗೆಮನೆಯ ಹೊಸ್ತಿಲು ದಾಟಬಾರದು. ಇಲ್ಲಿ ಅಳಿಯ ಪಂಚೆ ಎತ್ತಿ ಕಟ್ಟಿ ಮೈದಾ ನಾದುತ್ತಿದ್ದಾನೆ. ಅತ್ತೆ ಓಡಿಹೋಗಿ ಕಿಟಕಿ ಮುಚ್ಚಿದರು. "ಪಕ್ಕದ್ಮನೆಯವರು ನೋಡಿದ್ರೆ ಏನಂದುಕೊಳ್ತಾರೆ? ಮಗಳನ್ನ ಕೊಟ್ಟಿದ್ದೂ ಅಲ್ದೆ ಅಳಿಯನ ಕೈಲಿ ಚಾಕರಿ ಬೇರೆ ಮಾಡಿಸ್ತಾರೆ ಅಂತ."

ಮಾವನವರು ಮಾತ್ರ ಕುರ್ಚಿ ಎಳೆದುಕೊಂಡು ಓವನ್ನಿನ ಎದುರು ಕುಳಿತಿದ್ದರು, ಹಳೆಯ ಡ್ಯೂಟಿಗೆ ಬಂದವರ ಹಾಗೆ. ಹಿಟ್ಟು ಉಬ್ಬುವವರೆಗೂ ಕದಲಲಿಲ್ಲ. ನಾನು ಟ್ರೇ ಒಳಗಿಟ್ಟು ಬಾಗಿಲು ಹಾಕಿ, "ಮಾವ, ಇದನ್ನ ಮುಟ್ಟಬೇಡಿ" ಎಂದೆ. ತಲೆ ಆಡಿಸಿದರು.

ಅಷ್ಟರಲ್ಲಿ ಅತ್ತೆ ತಮ್ಮ ಮರ್ಯಾದೆಯನ್ನು ಅರ್ಧವಾದರೂ ಉಳಿಸಿಕೊಳ್ಳಲು ಹಾಲ್‌ನಲ್ಲಿ ಎಲೆ ಹಾಕಿ ನನ್ನನ್ನು ಕರೆದರು. ಊಟ ಶುರುವಾಯಿತು. ಕೋಸಂಬರಿ, ಪಲ್ಯ, ಚಿತ್ರಾನ್ನ. ಸಾರಿಗೆ ಬರುವ ಹೊತ್ತಿಗೆ ನನ್ನ ಮೂಗಿಗೆ ಬಡಿಯಿತು. ಸಣ್ಣಗೆ ಸೀದ ವಾಸನೆ.

ಎದ್ದೆ. ಅತ್ತೆ ಪಾಯಸದ ಪಾತ್ರೆ ಹಿಡಿದು ಎದುರು ನಿಂತರು. "ಎಲೆ ಬಿಟ್ಟು ಅರ್ಧದಲ್ಲಿ ಏಳಬಾರದು, ಕೂತ್ಕೊಳ್ಳಿ."

"ಅತ್ತೆ, ಬನ್ನು..."

"ಮಾವ ನೋಡ್ಕೊಳ್ತಿದ್ದಾರಲ್ಲ. ಇನ್ನೊಂದು ಸೌಟು."

"ಮಾವ" ಎಂದು ಕೂತಲ್ಲಿಂದಲೇ ಕೂಗಿದೆ. "ಬಿಸಿ ಜಾಸ್ತಿ ಆಯ್ತಾ?"

ಒಳಗಿನಿಂದ ನೆಮ್ಮದಿಯ ದನಿ ಬಂತು. "ಜಾಸ್ತಿ ಅಲ್ಲ, ಕಮ್ಮಿ ಇತ್ತು. ಒಳಗೆ ನೋಡಿದ್ರೆ ಕೆಂಪೇ ಇಲ್ಲ. ಇಷ್ಟು ಶಾಖಕ್ಕೆ ಏನು ಬೇಯುತ್ತೆ? ಫುಲ್ ಇಟ್ಟಿದ್ದೀನಿ. ನೀವು ನಿಧಾನವಾಗಿ ಊಟ ಮಾಡಿ."

ನಾನು ಪಾಯಸ ಕುಡಿದೆನೋ ಕಣ್ಣೀರು ಕುಡಿದೆನೋ ಗೊತ್ತಿಲ್ಲ. ಕೈ ತೊಳೆಯದೆ ಓಡಿದೆ. ಬಾಗಿಲು ತೆಗೆದರೆ ಹೊಗೆ, ಹೊಗೆಯ ಹಿಂದೆ ಕಪ್ಪು ಕಪ್ಪು ಗುಂಡುಗಳು. ಒಂದನ್ನು ಬಟ್ಟೆಯಲ್ಲಿ ಹಿಡಿದು ಮೇಜಿನ ಮೇಲಿಟ್ಟೆ. ಇಟ್ಟದ್ದಕ್ಕೇ ಸದ್ದಾಯಿತು. ಇಷ್ಟು ಭಾನುವಾರಗಳ ನನ್ನ ಕನಸು ಅಲ್ಲಿಗೆ ಸುಟ್ಟು ಕರಕಲಾಯಿತು ಎಂದುಕೊಂಡೆ. ಹೆಂಡತಿ ನನ್ನ ಮುಖ ನೋಡಲಾಗದೆ ಗೋಡೆ ನೋಡಿದಳು.

ಆ ಸದ್ದಿಗೆ ಮಾವನವರ ಕಿವಿ ನಿಮಿರಿತು. ಚಮಚ ಎತ್ತಿಕೊಂಡು ಬಗ್ಗಿ ಬನ್ನನ್ನು ತಟ್ಟಿದರು.

ಟಣ್.

ಮತ್ತೊಂದನ್ನು ತಟ್ಟಿದರು. ಟಣ್. ಟ್ರೇಯಲ್ಲಿದ್ದ ಎಲ್ಲವನ್ನೂ ಒಂದೊಂದಾಗಿ ತಟ್ಟಿ, ಕಣ್ಣು ಮುಚ್ಚಿ ಕೇಳಿದರು. ಮುಖ ಅರಳಿತು. "ಒಂದರಲ್ಲೂ ಬಿರುಕಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ನಂಬಿದೆ ಅಳಿಯಂದ್ರೇ. ಇದು ಮನೇಲೇ ಮಾಡಿದ್ದು. ಯಾವ ಬೇಕರಿಯವನ ಕೈಲೂ ಇದು ಸಾಧ್ಯ ಇಲ್ಲ."

ಅತ್ತೆ ಮುಚ್ಚಿದ್ದ ಕಿಟಕಿಯನ್ನು ಮಾವನವರೇ ತೆರೆದು ಪಕ್ಕದ ಮನೆಯ ತಮಿಳು ಮಾತಿನ ಹೆಂಗಸನ್ನು ಕರೆದು ಒಂದು ಬನ್ನು ಕೊಟ್ಟರು. "ಮಗಳು ಮಾಡಿದ್ದು ಅಂತ ಹೇಳ್ರೀ" ಎಂದು ಅತ್ತೆ ಹಿಂದಿನಿಂದ ಚಿವುಟಿದರು. ಮಾವನವರು ಬೀದಿಗೆಲ್ಲ ಕೇಳುವಂತೆ, "ನಮ್ಮ ಅಳಿಯಂದ್ರೇ ಸ್ವಂತ ಕೈಯಲ್ಲಿ ಮಾಡಿದ್ದು" ಎಂದರು.

ಆಕೆ ಕಚ್ಚಿ ನೋಡಿದಳು. ಇನ್ನೊಂದು ಕಡೆಯಿಂದ ಕಚ್ಚಿದಳು. "ಸಾರ್, ಇದು ಸ್ವಲ್ಪ ಗಟ್ಟಿ ಅಲ್ವಾ?"

"ಶಿವಮೊಗ್ಗದಲ್ಲಿ ಮಾಡಿದ್ದು ಮೆತ್ತಗಿತ್ತಮ್ಮ. ಇದು ನಮ್ಮ ಭದ್ರಾವತಿ ಮಾಲು" ಎಂದು ಮಾವನವರು ಎದೆಯುಬ್ಬಿಸಿದರು.

ಹೆಂಡತಿ ಸಮಯ ನೋಡಿ ಕೇಳಿಯೇಬಿಟ್ಟಳು. "ಅಪ್ಪಾ, ಹಾಗಾದ್ರೆ ಅಳಿಯ ಹೇಗೆ? ಈಗಲಾದ್ರೂ ಹೇಳಿ."

ಮಾವನವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಕೈಯಲ್ಲಿದ್ದ ಚಮಚ ನಿಧಾನವಾಗಿ ಮೇಲೆದ್ದಿತು. "ರೀ, ಅವರು ಅಳಿಯಂದ್ರು" ಎಂದು ಅತ್ತೆ ಕೈ ಹಿಡಿದುಕೊಂಡರು. ಮಾವನವರು ಚಮಚ ಕೆಳಗಿಟ್ಟರು.

"ಇವರನ್ನ ತಟ್ಟೋದೇನೂ ಬೇಡ. ಪಾಸ್."

ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಅದು ಹೊಗೆಗೆ ಎಂದು ಎಲ್ಲರಿಗೂ ಹೇಳಿದೆ.

ಸಂಜೆ ಬಸ್ಸು ಹತ್ತಿಸಲು ಬಂದಾಗ ಮಾವನವರು ಓವನ್ನನ್ನು ತಾವೇ ಹೊತ್ತು ತಂದು ಸೀಟಿನಲ್ಲಿ ಕೂರಿಸಿದರು. ಕಿಟಕಿಯಿಂದ ಬಗ್ಗಿ, ಗುಟ್ಟು ಹೇಳುವವರಂತೆ ಹೇಳಿದರು. "ಮುಂದಿನ ವಾರಾನೂ ಬನ್ನಿ. ಇವತ್ತಿನ ಥರದ್ದೇ ಮಾಡಿ. ಮೆತ್ತಗಿರೋದೆಲ್ಲ ನೀವು ಕಷ್ಟಪಟ್ಟು ಮಾಡ್ಬೇಡಿ, ಅದು ಬೇಕರೀಲೇ ಸಿಗುತ್ತೆ."