ದೊಡ್ಡ ಕಡ್ಡಿ, ಸಣ್ಣ ಕಡ್ಡಿ

ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಒಂದು ನಿಯಮವಿತ್ತು. ವರ್ಷಕ್ಕೊಮ್ಮೆ ಕಾಲೇಜಿನ ಸಭಾಂಗಣದಲ್ಲಿ ಸೇರಿ ಆ ವರ್ಷ ತೀರಿಕೊಂಡವರನ್ನು ನೆನೆಯುವಾಗ, ಹೋದವರು ಯಾರೇ ಆಗಿರಲಿ, ಅವರೊಂದಿಗೆ ಒಂದೇ ಬೆಂಚಿನಲ್ಲಿ ಕೂತಿದ್ದವರೇ ಎದ್ದು ಮಾತನಾಡಬೇಕು. ಹಿಂದೊಮ್ಮೆ ಭಾಷಣಪ್ರಿಯರೊಬ್ಬರು ತಾವು ಕಣ್ಣಿಂದಲೂ ನೋಡಿರದ ಮೂವರಿಗಾಗಿ ಮುಕ್ಕಾಲು ಗಂಟೆ ಕಣ್ಣೀರು ಹಾಕಿ, ಆ ಭರದಲ್ಲಿ ಮುಂದಿನ ಸಾಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ ನಾಲ್ಕನೆಯವರನ್ನೂ ಸೇರಿಸಿಬಿಟ್ಟ ಮೇಲೆ ಮಾಡಿದ ನಿಯಮ ಅದು.

ಆ ನಿಯಮವೇ ಕನ್ನಡಕದ ಅಂಗಡಿಯವರ ಕುತ್ತಿಗೆಗೆ ಬಂತು. ಬೆಳಿಗ್ಗೆ ಅಂಗಡಿಯ ಗಾಜು ಒರೆಸುತ್ತಿದ್ದಾಗ ಸಂಘದ ಕಾರ್ಯದರ್ಶಿಯ ಫೋನು.

“ಸಣ್ಣ ಕಡ್ಡಿ ಹೋಗಿಬಿಟ್ಟ ಕಣಯ್ಯ. ಎರಡು ತಿಂಗಳಾಯ್ತಂತೆ. ಅವನ ಹೆಂಡತಿ ಅಷ್ಟು ದೂರದಿಂದ ಬಂದಿದಾರೆ. ಸಂಜೆ ಮೂರು ನಿಮಿಷ ನೀನು ಮಾತಾಡು. ನಿನ್ನ ಬೆಂಚು.”

ಕಾಲೇಜಿನ ಕಾಲದಲ್ಲಿ ಆ ಬೆಂಚಿನಲ್ಲಿ ಇಬ್ಬರಿದ್ದರು. ಇಬ್ಬರೂ ಒಣಗಲು ಹಾಕಿದ ಬಿಳಿ ಅಂಗಿಗಳ ಹಾಗಿದ್ದರು. ಒಳಗೆ ಮನುಷ್ಯ ಇದ್ದಾನೆಂದು ಹಾಜರಿ ಕೂಗಿದಾಗಲೇ ಗೊತ್ತಾಗುತ್ತಿತ್ತು. ಹಾಗಾಗಿ ಒಬ್ಬ ದೊಡ್ಡ ಕಡ್ಡಿ, ಇನ್ನೊಬ್ಬ ಸಣ್ಣ ಕಡ್ಡಿ. ದೊಡ್ಡ ಕಡ್ಡಿ ಈಗ ಊದಿಕೊಂಡು ಪೀಪಾಯಿಯಾಗಿ ಕನ್ನಡಕ ಮಾರುತ್ತಿದ್ದರು. ಸಣ್ಣ ಕಡ್ಡಿ ಕೊನೆಯವರೆಗೂ ಕಡ್ಡಿಯಾಗಿಯೇ ಇದ್ದರಂತೆ.

ಫೋನಿಟ್ಟ ಮೇಲೆ ಕನ್ನಡಕದವರು ಗೆಳೆಯನನ್ನು ನೆನಪಿಸಿಕೊಳ್ಳಲು ಕೂತರು. ಬಂದದ್ದು ಒಂದೇ ನೆನಪು. ಸಣ್ಣ ಕಡ್ಡಿ ತನ್ನ ರಬ್ಬರನ್ನು ಬ್ಲೇಡಿನಿಂದ ಎರಡು ಮಾಡಿ, ದೊಡ್ಡ ಚೂರನ್ನು ಇವರಿಗೆ ಕೊಟ್ಟಿದ್ದ. ಅಷ್ಟೇ. ಅದನ್ನು ಎಷ್ಟು ಎಳೆದರೂ ಅರ್ಧ ನಿಮಿಷ ದಾಟುವುದಿಲ್ಲ.

ಬೇರೆ ದಿನವಾಗಿದ್ದರೆ ಏನೋ ಒಂದು ಹೇಳಿ ಇಳಿದುಬಿಡಬಹುದಿತ್ತು. ಆದರೆ ಈ ಸಲ ಕನ್ನಡಕದವರ ಹೆಂಡತಿಯೂ ಸಭೆಗೆ ಹೊರಟಿದ್ದರು. ಅದಕ್ಕೆ ಕಾರಣ ಮೂರು ಕತೆ. ಮದುವೆಯಾದಂದಿನಿಂದ ಕನ್ನಡಕದವರು ಹೆಂಡತಿಗೆ ಆ ಮೂರನ್ನು ಹೇಳುತ್ತ ಬಂದಿದ್ದರು: ಪರೀಕ್ಷೆಯ ದಿನ ನಸುಕಿನಲ್ಲೇ ಹೋಗಿ ಕಾಲೇಜಿನ ಗಂಟೆಯ ನಾಲಿಗೆ ಬಿಚ್ಚಿಟ್ಟದ್ದು, ಗಾಳಿಗೆ ಹಾರಿ ನೀರಿನ ಟ್ಯಾಂಕಿನ ಮೇಲೆ ಕೂತ ಪ್ರಿನ್ಸಿಪಾಲರ ಕೊಡೆಯನ್ನು ಹತ್ತಿ ಹಿಡಿದು, ಅದನ್ನೇ ಬಿಚ್ಚಿಕೊಂಡು ಕೆಳಕ್ಕೆ ಹಾರಿ ಮಂಡಿ ಒಡೆದುಕೊಂಡದ್ದು, ನಾಟಕದಲ್ಲಿ ಹೆಣವಾಗಿ ಮಲಗಿದ್ದಾಗ ಸೀನಿ, “ಅಳೋದು ನಿಲ್ಲಿಸಬೇಡಿ, ಹೋಗ್ತಾ ಇದೀನಿ” ಎಂದದ್ದು. ಮೂರೂ ನಿಜ. ಹೆಂಡತಿ ಮಾತ್ರ ನಂಬಿರಲಿಲ್ಲ.

“ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿದ್ರೆ ತಲೆ ಸುತ್ತುತ್ತೆ ಅಂತೀರಿ. ನೀವು ಟ್ಯಾಂಕ್ ಹತ್ತಿದ್ರಾ? ಇವತ್ತು ನಾನೇ ಬಂದು ಕೇಳ್ತೀನಿ” ಎಂದು ಆಕೆ ಬೆಳಿಗ್ಗೆಯೇ ಸೀರೆ ತೆಗೆದಿಟ್ಟಿದ್ದರು. ಕನ್ನಡಕದವರಿಗೂ ಅದೇ ಬೇಕಿತ್ತು. ಇವತ್ತಾದರೂ ಮನೆಯಲ್ಲಿ ಮಾತಿಗೆ ಬೆಲೆ ಬಂದೀತು.

ಮೂರು ನಿಮಿಷ ತುಂಬಿಸಲು ಏನಾದರೂ ಸಿಕ್ಕೀತೆಂದು ಮೊದಲು ಸಹಪಾಠಿ ಹಲ್ಲಿನ ಡಾಕ್ಟರ ಬಳಿ ಹೋದರು. ಬಂದವರ ಬಾಯಿ ನೋಡದೆ ಕಳಿಸುವುದು ಆ ಡಾಕ್ಟರಿಗೆ ಅಭ್ಯಾಸವಿರಲಿಲ್ಲ. ಕುರ್ಚಿಗೆ ಒರಗಿಸಿ, ಎರಡು ಕಡೆ ಹತ್ತಿ ತುರುಕಿ, ಕನ್ನಡಿ ಇಳಿಬಿಟ್ಟ ಮೇಲೆಯೇ ವಿಷಯ ಕೇಳಿದರು.

“ಸಣ್ಣ ಕಡ್ಡಿನಾ? ಅವನನ್ನ ಮರೆಯೋಕಾಗುತ್ತೇನೋ? ಗಂಟೆ ನಾಲಿಗೆ ಬಿಚ್ಚಿದ ಪುಣ್ಯಾತ್ಮ. ಅವತ್ತು ಗಂಟೆ ಹೊಡೀಲಿಲ್ಲ ಅಂತ ಅರ್ಧ ಗಂಟೆ ಜಾಸ್ತಿ ಬರೆದೆ. ಇಲ್ಲದಿದ್ರೆ ನಾನು ಈ ಜನ್ಮದಲ್ಲಿ ಡಾಕ್ಟರಾಗ್ತಿರಲಿಲ್ಲ.”

ಕನ್ನಡಕದವರು ಕೈಕಾಲು ಬಡಿದರು. ಬಾಯಿಂದ ಹೊರಟದ್ದು “ಆಂ, ಆಂ.”

“ಹೌದಲ್ವಾ?” ಎಂದು ಡಾಕ್ಟರು ಇನ್ನಷ್ಟು ಹುರುಪಿನಿಂದ ಕೊಡೆಯ ಕತೆಯನ್ನೂ ಸೀನಿದ ಹೆಣದ ಕತೆಯನ್ನೂ ಹೇಳಿ ಮುಗಿಸಿದರು. ಎರಡರಲ್ಲೂ ಸಣ್ಣ ಕಡ್ಡಿಯೇ ನಾಯಕ. ಹತ್ತಿ ತೆಗೆದೊಡನೆ ಕನ್ನಡಕದವರು ಅದೆಲ್ಲ ಮಾಡಿದ್ದು ತಾನೆಂದು ಹೇಳಿದರೆ, ಡಾಕ್ಟರು ಅವರ ಹೊಟ್ಟೆಯನ್ನು ಮೇಲಿನಿಂದ ಕೆಳಗೆ ನೋಡಿ, ಸ್ವಲ್ಪ ಹೊತ್ತು ಬಿಸಿ ಏನೂ ಕುಡಿಯಬೇಡ ಎಂದು ಕಳಿಸಿದರು.

ಅಲ್ಲಿಂದ ವಕೀಲರ ಕಚೇರಿ. ವಕೀಲರೂ ಅದೇ ತರಗತಿಯವರು; ಅವರ ನೆನಪಿನಲ್ಲೂ ಟ್ಯಾಂಕಿನ ಮೇಲಿದ್ದದ್ದು ಸಣ್ಣ ಕಡ್ಡಿಯೇ. ಕನ್ನಡಕದವರು ಪ್ಯಾಂಟು ಮಡಚಿ ಮಂಡಿಯ ಗುರುತು ತೋರಿಸಿದರು. ವಕೀಲರು ಅದನ್ನು ಎರಡು ಕೋನಗಳಿಂದ ಪರಿಶೀಲಿಸಿ, ಮಂಡಿ ಎಲ್ಲರಿಗೂ ಇರುತ್ತದೆ, ಗುರುತು ಬಹಳ ಜನಕ್ಕಿರುತ್ತದೆ ಎಂದರು. ಅಂದು ಟ್ಯಾಂಕಿನ ಕೆಳಗೆ ನಿಂತವರಿಗೆ ಕಂಡದ್ದು ಕೊಡೆ, ಮುಖವಲ್ಲ. ಹೆಣದ ಮುಖಕ್ಕೆ ಬಟ್ಟೆ ಹೊದಿಸಿತ್ತು.

“ಗಂಟೆ ಬಿಚ್ಚಿದಾಗ ಯಾರಾದ್ರೂ ನೋಡಿದ್ರಾ?”

“ಒಬ್ಬ ನೋಡಿದ್ದ. ಕೆಳಗೆ ಏಣಿ ಹಿಡ್ಕೊಂಡಿದ್ದ.”

“ಯಾರು?”

“ಸಣ್ಣ ಕಡ್ಡಿ.”

“ಕರ್ಕೊಂಡು ಬಾ ಅವನನ್ನ” ಎಂದು ವಕೀಲರು ವಾದ ಮುಗಿಸಿ ಕೋಟು ಹಾಕಿಕೊಂಡರು.

ಬೀದಿಗಿಳಿದ ಕನ್ನಡಕದವರ ತಲೆ ತಿರುಗಣಿಯಾಗಿತ್ತು. ಇಬ್ಬರಿಗೂ ಒಂದೇ ನೆನಪಿದ್ದರೆ ತಪ್ಪು ತನ್ನದೇ ಇರಬಹುದೇ? ಏಣಿಯ ಮೇಲಿದ್ದದ್ದು ಅವನು, ಕೆಳಗೆ ಹಿಡಿದದ್ದು ತಾನೇ? ಹಾಗಾದರೆ ರಬ್ಬರು ಕತ್ತರಿಸಿ ಕೊಟ್ಟದ್ದೂ ತಾನೇ ಇರಬೇಕು. ಆದರೆ ತಾನು ದೊಡ್ಡ ಚೂರನ್ನು ಇನ್ನೊಬ್ಬರಿಗೆ ಕೊಡುವವನಲ್ಲ. ಆ ಒಂದು ಎಳೆ ಹಿಡಿದುಕೊಂಡೇ ಅವರು ತಾನು ತಾನೇ ಎಂದು ಖಚಿತಪಡಿಸಿಕೊಂಡರು.

ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಣ್ಣ ಕಡ್ಡಿಯ ಹೆಂಡತಿ, ಅವರ ಪಕ್ಕದಲ್ಲೇ ಕನ್ನಡಕದವರ ಹೆಂಡತಿ. ಅದು ಯಾವಾಗ ಗುರುತಾಯಿತೋ, ಇಬ್ಬರೂ ತಲೆಗೆ ತಲೆ ತಾಗಿಸಿ ಮಾತಿನಲ್ಲಿ ಮುಳುಗಿದ್ದರು. ಕಾರ್ಯದರ್ಶಿ ಕಿವಿಯ ಹತ್ತಿರ ಬಂದು ಗಂಟೆ, ಕೊಡೆ, ಸೀನು ಮೂರೂ ಬಿಡಬೇಡ, ಡಾಕ್ಟರು ಈಗ ತಾನೇ ಎಲ್ಲರಿಗೂ ಹೇಳಿ ನಗಿಸಿದ್ದಾರೆ ಎಂದರು.

ಸತ್ಯವನ್ನೇ ಹೇಳಬೇಕು, ರಬ್ಬರಿನ ವಿಷಯ ಹೇಳಿ ಇಳಿಯಬೇಕು ಎಂದು ಕನ್ನಡಕದವರು ನಿರ್ಧರಿಸಿದ್ದರು. ಆದರೆ ಅವರಿಗಿಂತ ಮೊದಲು ಮಾತನಾಡಿದವರೊಬ್ಬರು ತಮ್ಮ ಬೆಂಚಿನವರ ಬಗ್ಗೆ, “ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಹೋಗುತ್ತಿದ್ದರು” ಎಂದಷ್ಟೇ ಹೇಳಿ ಕೂತರು. ಹೋದವರ ಮಗಳು ಇನ್ನೂ ಏನೋ ಇದೆಯೆಂದು ಕತ್ತೆತ್ತಿಕೊಂಡೇ ಕಾದಳು. ಏನೂ ಇರಲಿಲ್ಲ. ಆ ಕತ್ತು ಮೆಲ್ಲಗೆ ಇಳಿದದ್ದನ್ನು ಕನ್ನಡಕದವರು ನೋಡಿದರು.

ಮೈಕಿನ ಮುಂದೆ ನಿಂತಾಗ ಸಣ್ಣ ಕಡ್ಡಿಯ ಹೆಂಡತಿಯೂ ಹಾಗೆಯೇ ಕತ್ತೆತ್ತಿದರು. ಪಕ್ಕದಲ್ಲಿ ತಮ್ಮ ಹೆಂಡತಿ ಎಂದೂ ಇಲ್ಲದ ಕಾಂತಿಯಿಂದ ತಮ್ಮನ್ನೇ ನೋಡುತ್ತಿದ್ದರು. ಕನ್ನಡಕದವರು ಒಮ್ಮೆ ಆ ಮುಖ ನೋಡಿದರು, ಒಮ್ಮೆ ಈ ಮುಖ. ಆಮೇಲೆ ಕಣ್ಣುಮುಚ್ಚಿ ಗಂಟೆಯನ್ನು ಸಣ್ಣ ಕಡ್ಡಿಗೆ ಕೊಟ್ಟುಬಿಟ್ಟರು.

ಒಂದು ಹೋದ ಮೇಲೆ ಉಳಿದವು ಸರಾಗ. ಟ್ಯಾಂಕು ಹೋಯಿತು, ಕೊಡೆ ಹೋಯಿತು. ಹೆಣ ಸೀನಿದಾಗ ಸಭೆ ಹೊಟ್ಟೆ ಹಿಡಿದು ನಕ್ಕಿತು, ಡಾಕ್ಟರು ಕಣ್ಣೊರೆಸಿಕೊಂಡರು. ನಗು ನಿಲ್ಲುವಷ್ಟರಲ್ಲಿ ಮೂರು ನಿಮಿಷ ಮುಗಿದು, ರಬ್ಬರಿನ ವಿಷಯ ಹೇಳಲು ಸಮಯವೇ ಉಳಿಯಲಿಲ್ಲ. ಇಳಿಯುವಾಗ ನೋಡಿದರೆ ಹೆಂಡತಿಯ ಮುಖದಲ್ಲಿ ಕಾಂತಿಯೂ ಉಳಿದಿರಲಿಲ್ಲ.

ಸಭೆ ಮುಗಿದ ಮೇಲೆ ಸಣ್ಣ ಕಡ್ಡಿಯ ಹೆಂಡತಿ ಅವರನ್ನು ಹುಡುಕಿಕೊಂಡು ಬಂದರು. ಕಣ್ಣು ತುಂಬಿತ್ತು.

“ನಿಮಗೊಂದು ಮಾತು ಹೇಳಬೇಕಣ್ಣ. ಇವರು ಮನೇಲಿ ಯಾವಾಗಲೂ, ಕಾಲೇಜಲ್ಲಿ ನಾನೇನೂ ಮಾಡಿಲ್ಲ, ಮಾಡಿದ್ದೆಲ್ಲ ನನ್ನ ಬೆಂಚಿನ ಗೆಳೆಯ ಅನ್ನೋರು. ಗಂಟೆ, ಟ್ಯಾಂಕು, ನಾಟಕ, ಎಲ್ಲ ನಿಮ್ಮದೇ ಅಂತ. ನಾನು ಬರೀ ಏಣಿ ಹಿಡ್ಕೊಂಡಿದ್ದೆ ಅನ್ನೋರು. ನಿಮ್ಮ ಮನೆಯವರಿಗೂ ಈಗ ತಾನೆ ಅದನ್ನೇ ಹೇಳ್ತಿದ್ದೆ.” ಆಕೆ ಸೆರಗಿನಿಂದ ಕಣ್ಣೊತ್ತಿಕೊಂಡರು. “ತಾನು ಮಾಡಿದ್ದನ್ನೆಲ್ಲ ಗೆಳೆಯನ ಹೆಸರಿಗೆ ಬಿಟ್ಟು ಹಿಂದೆ ನಿಂತಿದ್ರು ಅಂತ ಇವತ್ತು ಗೊತ್ತಾಯ್ತು. ನೀವು ಬಾಯಿಬಿಡದೆ ಇದ್ದಿದ್ರೆ ಯಾರಿಗೂ ತಿಳೀತಿರಲಿಲ್ಲ.”

ಕನ್ನಡಕದವರು ಬಾಯಿ ತೆರೆದರು. ಈಗ ಹತ್ತಿಯೂ ಇರಲಿಲ್ಲ, ಕನ್ನಡಿಯೂ ಇರಲಿಲ್ಲ. ಆದರೂ ಹೊರಟದ್ದು ಬೆಳಗಿನ ಆ “ಆಂ” ಒಂದೇ. ಪಕ್ಕದಲ್ಲಿದ್ದ ವಕೀಲರು ಅದನ್ನು ತಪ್ಪೊಪ್ಪಿಗೆಯೆಂದು ಸ್ವೀಕರಿಸಿ ಬೆನ್ನು ತಟ್ಟಿದರು.

ಮನೆಯ ದಾರಿಯಲ್ಲಿ, ಬೀದಿ ತಿರುವಿನಲ್ಲಿ ಹೆಂಡತಿ ಹೇಳಿದರು, “ಆಯಮ್ಮ ಹೇಳಿದಾಗ ನನಗೆ ನಾಚಿಕೆಯಾಗಿಹೋಯ್ತು ರೀ. ಇಷ್ಟು ವರ್ಷ ನಿಮ್ಮನ್ನ ಸುಮ್ಮನೆ ಅನುಮಾನಿಸಿದೆನಲ್ಲ ಅಂತ. ನಿಮ್ಮ ಹತ್ರ ತಪ್ಪಾಯ್ತು ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ನೀವು ಮೈಕ್ ಹಿಡ್ಕೊಂಡ್ರಿ.”

ಕನ್ನಡಕದವರು ದಾರಿಯ ಕಲ್ಲೊಂದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು.

“ಹೋಗಲಿ. ಆ ಮಂಡಿ ಗಾಯ ನಿಜವಾಗಿ ಎಲ್ಲಿ ಮಾಡ್ಕೊಂಡಿದ್ದು?”

ಅವರು ನಿಂತು ಯೋಚಿಸಿದರು. ಸತ್ಯಕ್ಕೆ ಸಾಕ್ಷಿಯಾಗಿದ್ದವನು ಒಬ್ಬನೇ; ಅವನ ಸಾಕ್ಷ್ಯವನ್ನೂ ಇದೀಗ ತಾನೇ ಮೈಕಿನಲ್ಲಿ ಅಳಿಸಿ ಬಂದಾಗಿತ್ತು.

“ಸ್ಟೂಲಿನಿಂದ ಬಿದ್ದೆ” ಎಂದರು.

“ಹಾಗೆ ಹೇಳಿ ಮತ್ತೆ” ಎಂದರು ಹೆಂಡತಿ. ಮದುವೆಯಾದ ಮೇಲೆ ಗಂಡನ ಮಾತೊಂದನ್ನು ಆಕೆ ಮರುಪ್ರಶ್ನೆಯಿಲ್ಲದೆ ನಂಬಿದ್ದು ಅದೇ ಮೊದಲು.